ಕುಂಕುಮ ಹಚ್ಚಿದ ಮಷೀನು

ನಮ್ಮ ಬೀದಿಯಲ್ಲೊಬ್ಬ ಗುಮಾಸ್ತನಿದ್ದ. ಗುಜರಿ ಅಂಗಡಿಯಿಂದ ತುಕ್ಕು ಹಿಡಿದ ಡ್ರಿಲ್ಲಿಂಗ್ ಮಷೀನುಗಳನ್ನು ಕೊಂಡು ತಂದು, ತಿಕ್ಕಿ, ಬಣ್ಣ ಬಳಿದು ಓಡಿಸುವುದು ಅವನ ಹುಚ್ಚು. ಒಂದು ಭಾನುವಾರ ಅವನ ಮಷೀನು ಹೊಳೆಯುತ್ತಾ ಗುಂಯ್ ಎಂದು ತಿರುಗಿದಾಗ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಕಾರ್ಖಾನೆ ಮಾಲೀಕರಾದ ರುದ್ರಮೂರ್ತಿಗಳು ಲಗೇಜ್ ಆಟೋ ಸಮೇತ ಬಂದಿಳಿದರು.

"ಇದು ನನ್ನ ಮಷೀನು! ಆಳುಗಳು ತಪ್ಪಿ ಗುಜರಿಗೆ ಹಾಕಿದ್ದಾರೆ. ಆಟೋಗೆ ಹತ್ತಿಸಯ್ಯ!"

ಗುಮಾಸ್ತ ಮಷೀನು ನಿಲ್ಲಿಸಿ ಕೈಮುಗಿದ. "ಧಾರಾಳವಾಗಿ ಸ್ವಾಮಿ. ಗುರುತೇನಾದರೂ ಇದೆಯೇ?"

"ಗುರುತೇ? ಪ್ರತಿ ಆಯುಧಪೂಜೆಗೂ ನಾನೇ ಕೈಯಾರೆ ಕುಂಕುಮ ಹಚ್ಚಿದ್ದೇನೆ. ಒಂದು ವರ್ಷವೂ ತಪ್ಪಿಸಿಲ್ಲ!"

"ಹಾಗಾದರೆ ನಿಮ್ಮದು ಇದಲ್ಲ ಸ್ವಾಮಿ! ಇದರ ಕೊಳೆ ತೆಗೆದವನೇ ನಾನು. ಎಲೆಅಡಿಕೆಯ ಉಗುಳು ಸಿಕ್ಕಿತು, ಕುಂಕುಮದ ಸುಳಿವೇ ಇರಲಿಲ್ಲ."

ಗುಮಾಸ್ತ ಮೂಲೆಯ ಗೋಣಿತಾಟು ಎಳೆದ. ಅಲ್ಲಿ ಹಿಂದಿನ ದಿನವಷ್ಟೇ ಕೊಂಡು ತಂದ ಇನ್ನೊಂದು ಮಷೀನು, ತುಕ್ಕಿನ ಮೇಲೆ ವರ್ಷಗಟ್ಟಲೆಯ ಕುಂಕುಮದ ಹೆಕ್ಕಳೆ. "ಇಗೋ, ನಿಮ್ಮ ಭಕ್ತಿ!"

ಬೀದಿಯವರೆಲ್ಲ ಕೈಹಾಕಿ ಅದನ್ನು ಆಟೋಗೆ ಏರಿಸಿಯೇಬಿಟ್ಟರು. ರುದ್ರಮೂರ್ತಿಗಳು ತಾವೂ ಆಟೋ ಹತ್ತಿದರು. ತಮ್ಮದಲ್ಲ ಎಂದರೆ ಪೂಜೆಯೇ ಸುಳ್ಳಾಗುತ್ತಿತ್ತು.

ಮರುವಾರ ಅದು ಮತ್ತೆ ಗುಜರಿ ಅಂಗಡಿಗೆ ಬಂತು. ಗುಮಾಸ್ತ ಉಪ್ಪುಕಾಗದ ಹಿಡಿದು ಅಲ್ಲೇ ಕಾಯುತ್ತಿದ್ದ.