ಚಂದ್ರಿಯ ಮೇಲೆ ಮೂರು ಸವಾರಿ

ಕೇಳಿ ಮಕ್ಕಳೇ. ಏಳು ಹಳ್ಳಗಳಾಚೆ ಒಂದು ಚಿಕ್ಕ ರಾಜ್ಯ. ಅಲ್ಲಿನ ಅರಮನೆಯ ಲಾಯದಲ್ಲಿ ದ್ಯಾವಣ್ಣ ಅಂತ ಕುದುರೆ ಕಾಯುವವನೊಬ್ಬ ಇದ್ದ. ಉಸಿರಾಟ ಕೇಳಿಯೇ ಕುದುರೆಯ ಹೊಟ್ಟೆನೋವು ಹೇಳುವಷ್ಟು ಜಾಣ. ಆದರೆ ದೊಡ್ಡವರ ಮುಂದೆ ಬಾಯಿ ಬಿಡಲು ಬಲು ಅಂಜಿಕೆ.

ಲಾಯದಲ್ಲಿ ಚಂದ್ರಿ ಅನ್ನುವ ಬಿಳಿ ಕುದುರೆ ಗಬ್ಬವಾಗಿತ್ತು. ಪರವೂರಿಗೆ ಹೊರಟ ರಾಜ ಅದರ ಮೈ ಸವರಿ, "ದ್ಯಾವಣ್ಣ, ಮರಿ ಹಾಕುವ ತನಕ ಇದಕ್ಕೆ ಯಾರೂ ಜೀನು ಹಾಕಕೂಡದು" ಅಂದ.

"ಆಗಲಿ ಮಹಾಸ್ವಾಮಿ."

ರಾಜ ಅತ್ತ ಹೋದ. ಇತ್ತ ರಾಣಿಯ ತಮ್ಮ ಸಿಂಗರಸ ಮೀಸೆ ತಿರುವುತ್ತ ಲಾಯಕ್ಕೆ ಬಂದ.

"ಎಲ್ಲಿಗೆ ಹೊರಟಿತು ದೊರೆಗಳ ಸವಾರಿ?" ದ್ಯಾವಣ್ಣ ಕೈಮುಗಿದ.

"ತೋಟದವರೆಗೆ. ಚಂದ್ರಿಗೆ ಜೀನು ಹಾಕು."

"ಬುದ್ಧೀ, ಅದು ಗಬ್ಬ..."

"ತೋಟ ಇಲ್ಲೇ ಇದೆಯಲ್ಲೋ!"

ಇಲ್ಲೇ ಇದೆಯಲ್ಲ ಅಂತ ದ್ಯಾವಣ್ಣ ಜೀನು ಹಾಕಿದ.

ಮರುದಿನ ಸಿಂಗರಸ ಮತ್ತೆ ಬಂದ. "ಗುಡ್ಡದವರೆಗೆ" ಅಂದ. ನಿನ್ನೆ ಕೊಟ್ಟು ಇವತ್ತು ಹೇಗೆ ಬೇಡ ಅನ್ನಲಿ ಅಂತ ದ್ಯಾವಣ್ಣ ಜೀನು ಹಾಕಿದ. ಕುದುರೆ ಬಾಯಲ್ಲಿ ನೊರೆ ಬರುವಂತೆ ಓಡಿ ಬಂತು.

ದ್ಯಾವಣ್ಣನ ಹೆಂಡತಿ ಕೆಂಚವ್ವ ಸಿಡುಕಿದಳು. "ಅವನು ಸವಾರಿ ಮಾಡ್ತಿರೋದು ಕುದುರೆ ಮೇಲಲ್ಲ, ನಿನ್ನ ತಲೆ ಮೇಲೆ! ನಾಳೆ ಆಗೋಲ್ಲ ಅನ್ನು."

"ಅಂತೀನಿ ಕಣೇ."

ಮೂರನೇ ದಿನ ಸಿಂಗರಸ ಕೇಳಲೂ ಇಲ್ಲ. "ಜೀನು!" ಅಂದ, ಅಷ್ಟೇ. ಆಗೋಲ್ಲ ಅನ್ನಬೇಕೆಂದೇ ದ್ಯಾವಣ್ಣ ಎದ್ದು ಬಂದಿದ್ದ. ಆದರೆ ಕೈ ಜೀನಿನ ಪಟ್ಟಿ ಬಿಗಿಯಿತು. ಸಂಜೆ ಚಂದ್ರಿ ಕುಂಟುತ್ತ ಬಂದು ಲಾಯದ ಬಾಗಿಲಲ್ಲೇ ಕುಸಿಯಿತು, ದಿನ ತುಂಬುವ ಮೊದಲೇ ಸತ್ತ ಮರಿ ಹಾಕಿತು. ದ್ಯಾವಣ್ಣ ಆ ಪುಟ್ಟ ದೇಹವನ್ನು ತನ್ನ ಪಂಚೆಯಲ್ಲಿ ಸುತ್ತಿ ಮಣ್ಣು ಮಾಡಿದ.

ರಾಜ ಬಂದ. ಸಭೆ ಕೂಡಿತು. ದ್ಯಾವಣ್ಣ ಇದ್ದದ್ದನ್ನು ಹೇಳಿದ.

"ಸುಳ್ಳು ಭಾವ! ನಾನು ಲಾಯದ ಮುಖ ಕೂಡ ನೋಡಿಲ್ಲ" ಅಂದ ಸಿಂಗರಸ.

ರಾಜ ಇಬ್ಬರನ್ನೂ ದಿಟ್ಟಿಸಿದ. ಕಣ್ಣಾರೆ ಕಂಡ ಬೇರೆ ಸಾಕ್ಷಿ ಇರಲಿಲ್ಲ. ದ್ಯಾವಣ್ಣ ಮತ್ತೆ ಕೈಮುಗಿದ. ಆಮೇಲೆ ಮೆಲ್ಲಗೆ ಹೇಳಿದ: "ಹಾಗಾದರೆ ನಾನೇ ಬೇರೆ ಯಾರನ್ನೋ ಇವರು ಅಂದುಕೊಂಡೆ, ಮಹಾಸ್ವಾಮಿ. ಹತ್ತಿದವನಿಗೆ ಲಗಾಮು ಹಿಡಿಯಲು ಬರುತ್ತಿರಲಿಲ್ಲ."

ಸಿಂಗರಸನ ಮೀಸೆ ಅದುರಿತು.

"ಗುಡ್ಡ ಹತ್ತುವಾಗ ಕುದುರೆಯ ಕುತ್ತಿಗೆ ತಬ್ಬಿಕೊಂಡಿದ್ದನಂತೆ."

ಸಿಂಗರಸನ ಮುಖ ಕೆಂಪಾಯಿತು.

"ಹಳ್ಳ ಹಾರಿಸಲು ಹೆದರಿ, ಇಳಿದು ನಡೆದೇ ದಾಟಿದನಂತೆ, ಹೇಡಿ!"

"ಯಾವನೋ ಹಾಗಂದವನು?" ಸಿಂಗರಸ ಎಗರಿ ನಿಂತ. "ಒಂದೇ ನೆಗೆತಕ್ಕೆ ಹಳ್ಳ ಹಾರಿಸಿದ್ದೇನೆ ನಾನು!"

ಬಾಯಿ ತಪ್ಪಿ ಬಂದ ಮಾತು ಸಭೆಗೆಲ್ಲ ಕೇಳಿತು. ರಾಜ ಅವನ ಕತ್ತಿ ಕಳಚಿಸಿ, ಬರಿಗಾಲಲ್ಲಿ ಗಡಿಯಾಚೆ ಅಟ್ಟಿಸಿದ. ಜನ ದ್ಯಾವಣ್ಣನ ಜಾಣತನ ಹೊಗಳಿದರು.

ರಾಜ ಮಾತ್ರ ಕೇಳಿದ: "ಇವತ್ತು ಇಷ್ಟು ಮಾತು ಬಂತಲ್ಲ, ಮೊದಲ ದಿನ ಒಂದು ಮಾತು ಬರಲಿಲ್ಲವೇ?"

ದ್ಯಾವಣ್ಣ ತಲೆ ತಗ್ಗಿಸಿ ಹೊರಬಂದ. ಲಾಯಕ್ಕೆ ಹೋಗಿ ನೆನೆಸಿದ ಕಡಲೆ ಹಿಡಿದು ನಿಂತ. ಚಂದ್ರಿ ಗೋಡೆಯ ಕಡೆ ಮುಖ ತಿರುಗಿಸಿತು. ಅವನು ಕೈ ಚಾಚಿಕೊಂಡೇ ನಿಂತಿದ್ದ.

ನೋಡಿ ಮಕ್ಕಳೇ, ಬೇರೆಯವರ ಮೇಲೆ ಸವಾರಿ ಮಾಡುವವನು ಒಂದು ದಿನ ಬಿದ್ದೇ ಬೀಳುತ್ತಾನೆ. ಆದರೆ ಬೇಡ ಅನ್ನುವ ಮಾತನ್ನು ಮೊದಲ ದಿನವೇ ಅನ್ನಬೇಕು. ತಡವಾಗಿ ಅಂದರೆ ತಪ್ಪು ಮಾಡಿದವನಿಗೆ ಶಿಕ್ಷೆ ಆಗಬಹುದು, ಹೋದ ಜೀವ ಬರುವುದಿಲ್ಲ.