ಕೆಂಪು ದೀಪದ ತಂತಿ

ಹಳೇ ಗಾಡಿಗಳ ಅಂಗಳದಲ್ಲಿ ಮೂರು ಲಕ್ಷ ಕಿಲೋಮೀಟರ್ ಓಡಿದ ಪಿಕಪ್ಪೊಂದು ಗಿರಾಕಿಗಾಗಿ ಕಾದಿತ್ತು. ಅದರ ಇಂಜಿನ್ನಿಗೂ ಆಯಿಲ್ ಇಳಿದರೆ ಹತ್ತುವ ಕೆಂಪು ದೀಪಕ್ಕೂ ಜಗಳ.

"ಗಿರಾಕಿಯ ಮುಂದೆ ಕಣ್ಣು ಬಿಡಬೇಡ ತಮ್ಮಾ. ಈ ಸಲವೂ ಮಾರಾಟವಾಗದಿದ್ದರೆ ನಾನು ಗುಜರಿಗೇ," ಎಂದಿತು ಇಂಜಿನ್.

"ನಿನ್ನ ಆಯಿಲ್ ಸೋರುತ್ತಿದೆ ಅಣ್ಣ. ನಾನು ಹತ್ತಿದ್ದಕ್ಕೇ ನೀನು ಇಷ್ಟು ದೂರ ಓಡಿದ್ದು."

"ಓಡಿದವನು ನಾನು. ನೀನು ಕೂತಲ್ಲೇ ಕೂತವನು!"

ಅಷ್ಟರಲ್ಲಿ ದಲ್ಲಾಳಿ ನಾಗಲಿಂಗ ಬಂದು ದೀಪದ ತಂತಿ ಕಿತ್ತ. ಇಂಜಿನ್ ನಕ್ಕಿತು.

ಟೊಮೆಟೊ ವ್ಯಾಪಾರಿ ಗೌಸಪೀರ ಬಂದು ಕೀ ತಿರುಗಿಸಿದ. ಸರಿಯಿದ್ದರೆ ಆ ದೀಪ ಆಗ ಒಮ್ಮೆ ಹತ್ತಿ, ಗಾಡಿ ಶುರುವಾದ ಮೇಲೆ ಆರಲೇಬೇಕು. ಹತ್ತಲಿಲ್ಲ.

"ನೋಡು ಗೌಸಣ್ಣ, ಕೆಂಪು ದೀಪದ ಕಾಟವೇ ಇಲ್ಲ!" ಎಂದ ನಾಗಲಿಂಗ.

"ಹಾಗಾದರೆ ಇಂಜಿನ್ ಗಟ್ಟಿ," ಎಂದು ಗೌಸಪೀರ ಹಿಗ್ಗಿ ಗಾಡಿ ಒಯ್ದ.

ಘಾಟಿಯ ಏರಿನಲ್ಲಿ ಆಯಿಲ್ ಮುಗಿಯಿತು. "ಹತ್ತೋ ತಮ್ಮಾ, ಬೇಗ ಹತ್ತು!" ಎಂದು ಇಂಜಿನ್ ಬಡಿದುಕೊಂಡಿತು. ದೀಪ ಹತ್ತಲಾರದೆ ನೋಡುತ್ತಾ ಕೂತಿತ್ತು. ಇಂಜಿನ್ ಒಳಗೇ ಬಿಗಿದುಕೊಂಡು ಸೀಜಾಗಿ ಅಲ್ಲೇ ಸತ್ತಿತು.

ಗುಜರಿಯವನು ಇಂಜಿನ್ನನ್ನು ತೂಕಕ್ಕೆ ಹಾಕಿ, ಕೆಡದ ದೀಪವನ್ನು ಇನ್ನೊಂದು ಹಳೇ ಗಾಡಿಗೆ ಮಾರಿದ. ಅಲ್ಲಿ ಅದು ಕಣ್ಣು ಬಿಟ್ಟ ಕೂಡಲೇ ಆ ಗಾಡಿಯ ಇಂಜಿನ್ ಗದರಿತು: "ಮುಚ್ಚು ಕಣ್ಣು! ಗಿರಾಕಿ ಬರುವ ಹೊತ್ತು."