ಕಲ್ಲಜ್ಜನೂ ಕಿಂಡಿಗೋಡೆಯೂ

ಬೆಂಕಿಬೆಟ್ಟದ ದ್ವೀಪವೊಂದರಲ್ಲಿ ಊರಬಾಗಿಲು ಕಾಯಲೆಂದು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಕಲ್ಲಜ್ಜನೊಬ್ಬನಿದ್ದ. ಪಕ್ಕದ ಹೊಲದ ಕರಿಗಲ್ಲಿನ ಗೋಡೆಯನ್ನು ಕಂಡರೆ ಅವನಿಗೆ ತಾತ್ಸಾರ.

"ಮೈತುಂಬ ಕಿಂಡಿ! ಇದೂ ಒಂದು ಕಾವಲೇ?" ಎಂದ.

"ಅದು ಗಾಳಿ ಹೋಗುವ ದಾರಿ, ಅಜ್ಜ," ಎಂದಿತು ಗೋಡೆ.

"ದಾರಿ ಬಿಡುವವನು ಕಾವಲುಗಾರನೇ ಅಲ್ಲ. ಮುಚ್ಚು!"

ಹಿರಿಯರ ಮಾತು ಮೀರಲಾರದೆ ಗೋಡೆ ತನ್ನ ಕಿಂಡಿಗಳಿಗೆಲ್ಲ ಕೆಸರು ಮೆತ್ತಿಕೊಂಡಿತು. ಅಜ್ಜ ಬೀಗಿದ.

ಮರುದಿನ ಕಡಲಗಾಳಿ ಎದ್ದಿತು. ಹೋಗಲು ದಾರಿ ಕಾಣದೆ ಒಮ್ಮೆ ಜೋರಾಗಿ ನೂಕಿತು. ಇಡೀ ಗೋಡೆ ಅಜ್ಜನ ಮೇಲೆಯೇ ಕುಸಿಯಿತು. ಅವನ ಕಲ್ಲುಟೋಪಿಯೊಂದೇ ಹೊರಗುಳಿಯಿತು.

ಗಾಳಿ ನಿಂತ ಮೇಲೆ ಊರವರು ಬಂದು, ಬಿದ್ದ ಕಲ್ಲುಗಳನ್ನೆತ್ತಿ, ಹಿಂದಿನಂತೆಯೇ ಕಿಂಡಿ ಬಿಟ್ಟು ಜೋಡಿಸತೊಡಗಿದರು. ಮೂಗು ಮುಕ್ಕಾದ ಅಜ್ಜ ಗೋಡೆಗೆ ಮೆಲ್ಲಗೆ ಹೇಳಿದ:

"ನನ್ನ ಪಕ್ಕದಲ್ಲಿ ಇನ್ನೆರಡು ಕಿಂಡಿ ಜಾಸ್ತಿಯೇ ಇರಲಿ ಕಣಪ್ಪ!"